ಒಂದೇ ಅಡಿಕೆ ಲಾಟ್ ಎರಡೆರಡು ಸಲ ಎಂಟ್ರಿ ಆಗ್ತಿದೆ, ಎಂತ ಮಾಡದು?

ಪ್ರಶ್ನೆ: ನಮಸ್ತೆ ಸರ್, ತೀರ್ಥಹಳ್ಳಿ ಕಡೆ ಒಂದು ಅಡಿಕೆ ಮಂಡಿಗೆ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ ಎಂಟ್ರಿ ಸಾಫ್ಟ್‌ವೇರ್ ಮಾಡ್ಕೊಟ್ಟಿದೀನಿ. ಮಳೆ ಹಿಡೀತು ಅಂದ್ರೆ ನೆಟ್ ಎಳೆಯುತ್ತೆ, ಗುಮಾಸ್ತರು ಸೇವ್ ಬಟನ್ ಎರಡ್ಮೂರು ಸಲ ಒತ್ತಿಬಿಡ್ತಾರೆ, ಒಂದೇ ಲಾಟ್ ಎರಡು ಸಾಲಾಗಿ ಕೂತಿರುತ್ತೆ. ಪ್ರೊಸೀಜರ್‌ನಲ್ಲಿ (ಡೇಟಾಬೇಸ್ ಒಳಗಿನ ಕೋಡ್) ರೈತರ ಐಡಿ, ತೂಕ, ತಾರೀಖು ನೋಡಿ ಇಫ್ ನಾಟ್ ಎಕ್ಸಿಸ್ಟ್ಸ್, ಅಂದ್ರೆ ಅಂಥ ಸಾಲು ಇಲ್ದಿದ್ರೆ ಮಾತ್ರ, ಅಂತ ಹಾಕೇ ಇನ್ಸರ್ಟ್ ಮಾಡ್ತಿರೋದು. ಟ್ರಾನ್ಸಾಕ್ಷನ್ (ಆದ್ರೆ ಎಲ್ಲ ಆಗ್ಬೇಕು, ಇಲ್ದಿದ್ರೆ ಒಂದೂ ಆಗ್ಬಾರ್ದು ಅನ್ನೋ ಕಟ್ಟು) ಒಳಗೂ ಇಟ್ಟು ನೋಡ್ದೆ, ಆಗ್ಲಿಲ್ಲ.

ಉತ್ತರ: ನೋಡೋದಕ್ಕೂ ಬರೆಯೋದಕ್ಕೂ ನಡುವೆ ಸಂದು ಇದೆ ಮಾರಾಯ್ರೆ. ಮೊದಲ್ನೇ ಕ್ಲಿಕ್ ‘ಇಲ್ಲ’ ಅಂತ ನೋಡ್ಕೊಂಡು ಬರೆಯೋಕೆ ಹೋಗೋಷ್ಟ್ರಲ್ಲಿ ಎರಡನೇದೂ ಬಂದು ‘ಇಲ್ಲ’ ಅಂತಾನೇ ನೋಡಿರುತ್ತೆ, ಎರಡೂ ಬರೀತವೆ. ಬೀಗ ಎಷ್ಟು ಬಿಗಿ ಇರ್ಬೇಕು ಅನ್ನೋದಕ್ಕೆ ಡಿಫಾಲ್ಟ್ ಸೆಟ್ಟಿಂಗ್ ಆದ ರೀಡ್ ಕಮಿಟೆಡ್‌ನಲ್ಲಿ ಇನ್ನೂ ಹುಟ್ಟದ ಸಾಲಿಗೆ ಬೀಗ ಬೀಳಲ್ಲ, ಬರೀ ಬಿಗಿನ್ ಟ್ರಾನ್ ಹಾಕಿ ಟ್ರಾನ್ಸಾಕ್ಷನ್ ಶುರು ಮಾಡಿ ಪ್ರಯೋಜನ ಇಲ್ಲ. ಟೇಬಲ್ ಮೇಲೇ ಯೂನಿಕ್ ಕನ್‌ಸ್ಟ್ರೇಂಟ್ (ಅದೇ ಮಾಹಿತಿ ಎರಡನೇ ಸಲ ಬರದ ಹಾಗೆ ತಡೆಯೋ ನಿಯಮ) ಇರ್ಬೇಕು. ಆದ್ರೆ ತೂಕದ ಮೇಲೆ ಹಾಕ್ಬೇಡಿ, ಒಬ್ರೇ ಒಂದೇ ದಿನ ಒಂದೇ ತೂಕದ ಎರಡು ಲಾಟ್ ರಾಶಿ ಅಡಿಕೆ ತಂದ್ರೆ ನಿಜವಾದ ಲಾಟೇ ವಾಪಸ್ ಹೋಗುತ್ತೆ, ಬೈಸ್ಕೊಳ್ಳೋದು ನೀವು. ಲಾಟ್ ನಂಬರ್ ಎಲ್ಲಿಂದ ಬರುತ್ತೆ?

ಪ್ರಶ್ನೆ: ಪ್ರೊಸೀಜರ್‌ನಲ್ಲೇ ಮ್ಯಾಕ್ಸ್ ಪ್ಲಸ್ ಒಂದು ಸರ್, ಅಂದ್ರೆ ಇರೋದ್ರಲ್ಲಿ ದೊಡ್ಡ ನಂಬರ್‌ಗೆ ಒಂದು ಸೇರಿಸೋದು.

ಉತ್ತರ: ಅಯ್ಯೋ, ಹಂಗಾದ್ರೆ ಲಾಟ್ ನಂಬರ್ ಯೂನಿಕ್ ಮಾಡಿದ್ರೂ ಎರಡನೇ ಕ್ಲಿಕ್‌ಗೆ ಹೊಸ ನಂಬರ್ ಸಿಕ್ಕಿ ಆರಾಮಾಗಿ ಒಳಗೆ ಬರುತ್ತೆ. ಹೀಗ್ ಮಾಡಿ: ಫಾರ್ಮ್ ತೆರೆದಾಗ್ಲೇ ಅಲ್ಲೊಂದು ಜಿಯುಐಡಿ (ಮತ್ತೆ ಮರುಕಳಿಸದ ಉದ್ದದ ಗುರುತು) ಹುಟ್ಟಿಸಿ, ಎಷ್ಟ್ ಸಲ ಒತ್ತಿದ್ರೂ ಅದೇ ಹೋಗ್ಬೇಕು, ಸೇವ್ ಆಗಿ ಹೊಸ ಎಂಟ್ರಿ ಶುರುವಾದ್ರೆ ಮಾತ್ರ ಬದಲಾಗ್ಬೇಕು. ಆ ಕಾಲಂಗೆ ಯೂನಿಕ್ ಹಾಕಿ. ಪ್ರೊಸೀಜರ್‌ನಲ್ಲಿ ನೇರ ಇನ್ಸರ್ಟ್, ಎರರ್ ಹಿಡಿಯೋ ಟ್ರೈ ಕ್ಯಾಚ್ ಒಳಗೆ. ಡೂಪ್ಲಿಕೇಟ್ ಅಂತ ಹೇಳೋ ಎರರ್ 2627 ಅಥವಾ 2601 ಬಂದ್ರೆ ಅದೇ ಜಿಯುಐಡಿ ಇರೋ ಹಳೇ ಸಾಲು ಹುಡುಕಿ ಅದ್ರ ಲಾಟ್ ನಂಬರ್ ವಾಪಸ್ ಕೊಡಿ, ಗುಮಾಸ್ತರಿಗೆ ಕೆಂಪು ಮೆಸೇಜ್ ತೋರಿಸಿ ಹೆದರಿಸ್ಬೇಡಿ. ಬೇರೆ ಎರರ್ ಆದ್ರೆ ಥ್ರೋ ಮಾಡಿ ಮುಂದಕ್ಕೆ ಕಳಿಸಿ, ನುಂಗ್ಬೇಡಿ. ಮ್ಯಾಕ್ಸ್ ಪ್ಲಸ್ ಒಂದನ್ನೂ ಬಿಟ್ಟು ಸೀಕ್ವೆನ್ಸ್ (ಡೇಟಾಬೇಸೇ ಸರದಿ ನಂಬರ್ ಕೊಡೋ ವ್ಯವಸ್ಥೆ) ಮಾಡ್ಕೊಳ್ಳಿ, 2012ರ ವರ್ಷನ್‌ನಿಂದ ಇದೆ, ನಡುವೆ ಒಂದೊಂದು ನಂಬರ್ ಹಾರುತ್ತೆ ಅಷ್ಟೇ.

ಇನ್ನೊಬ್ಬರು: ಮರ್ಜ್ (ಇದ್ರೆ ತಿದ್ದು, ಇಲ್ದಿದ್ರೆ ಸೇರಿಸು ಅನ್ನೋ ಒಂದೇ ಕಮಾಂಡ್) ಹಾಕಿದ್ರೆ ಇಷ್ಟೆಲ್ಲ ಬೇಡ ಅಲ್ದಾ?

ಉತ್ತರ: ಹೋಲ್ಡ್‌ಲಾಕ್ (ಕೆಲಸ ಮುಗಿಯೋವರೆಗೆ ಬೀಗ ಹಿಡಿದಿಡೋ ಸೂಚನೆ) ಇಲ್ದೆ ಹಾಕಿದ್ರೆ ಮರ್ಜ್‌ಗೂ ಇದೇ ಕಾಯಿಲೆ.

ಪ್ರಶ್ನೆ: ಆಯ್ತು ಸರ್. ಈಗಾಗ್ಲೇ ಸೇರಿರೋ ಡೂಪ್ಲಿಕೇಟ್‌ಗಳು?

ಉತ್ತರ: ಒಂದೇ ರೈತರು, ಒಂದೇ ತೂಕ, ಒಂದೆರಡು ನಿಮಿಷದೊಳಗಿನವು, ಹೀಗೆ ಲಿಸ್ಟ್ ತೆಗೀರಿ. ಸೀದಾ ಡಿಲೀಟ್ ಬೇಡ, ಮಂಡಿಯ ಚೀಟಿ ಪುಸ್ತಕ ಪಕ್ಕದಲ್ಲಿಟ್ಕೊಂಡು ಗುಮಾಸ್ತರ ಜೊತೆ ಕೂತು ಒಂದೊಂದೇ ಟಿಕ್ ಹಾಕಿ, ಆಮೇಲೆ ಅಳಿಸಿ.