ಟ್ರಾಟ್‌ನಾಗ (ಹಗುರ ಓಟದಾಗ) ಕುದುರಿ ಹಾರ್ಟ್ ರೇಟ್ ಒಮ್ಮೆಲೇ ಡಬಲ್ ತೋರಸ್ತದ, ಸಹಾಯ ಬೇಕು

ಬೀದರ್ ಕಡೆ, ಏಳು ವರ್ಷದ ಮಾರ್ವಾಡಿ ಹೆಣ್ಣುಕುದುರಿ. ದೂರದ ಸವಾರಿಗೆ ತಯಾರಿ ನಡದದ. ಹಾರ್ಟ್ ರೇಟ್ ಅಳೆಯೋ ಎರಡು ಎಲೆಕ್ಟ್ರೋಡಿನ ಬೆಲ್ಟ್, ಜಿಪಿಎಸ್ ವಾಚ್. ರೆಕಾರ್ಡಿಂಗ್ 1 ಸೆಕೆಂಡಿಗೆ ಇಟ್ಟದ್ದು. ನಿಂತಾಗ ಬಡಿತ ನಿಮಿಷಕ್ಕ 36, ನಡಿಗೆಗೆ 70ರ ಆಸುಪಾಸು, ಕೆಮ್ಮಣ್ಣಿನ ಸಪಾಟ ದಾರಿಯಾಗ ಗಂಟೆಗೆ 13 ಕಿ.ಮೀ. ಟ್ರಾಟಿಗೆ 104–108. ಇಲ್ಲಿತನಕ ಛಲೋನೇ ಅದ.

ಹತ್ತು-ಹನ್ನೆರಡು ನಿಮಿಷಕ್ಕ 106 ಇದ್ದದ್ದು ಫಕ್ಕನ 212 ಆಗ್ತದ. ಅರ್ಧ ನಿಮಿಷ ಅಲ್ಲೇ ಕೂತು ಮತ್ತ 106. ವೇಗದ ಗೆರೆ ಅಲುಗಾಡಂಗಿಲ್ಲ, ಏರೂ ಇಲ್ಲ. ಕೂಡ್ಲೇ ನಿಲ್ಲಿಸಿ, ಎಡ ಮೊಣಕೈ ಹಿಂದ ಸ್ಟೆತೊಸ್ಕೋಪ್ ಇಟ್ಟು ಎಣಿಸಿದ್ರ 15 ಸೆಕೆಂಡಿಗೆ 17 ಬಡಿತ, ಅಂದ್ರ 68. ತಾಳ ತಪ್ಪಿಲ್ಲ.

ಮಾಡಿ ನೋಡಿದ್ದು: ಕೂದಲು ಬುಡತನಕ ಉಪ್ಪುನೀರಾಗ ತೋಯಿಸಿ ಜೆಲ್ ಹಚ್ಚಿದ್ದು, ಜೀನಿನ ಪಟ್ಟಿ ಒಂದು ತೂತು ಬಿಗಿ ಮಾಡಿದ್ದು, ಹೊಸ ಬ್ಯಾಟರಿ, ಸಿಂಥೆಟಿಕ್ ಪ್ಯಾಡ್ ತೆಗೆದು ಹತ್ತಿ ಬಟ್ಟಿ ಹಾಕಿದ್ದು (ಸ್ಟ್ಯಾಟಿಕ್ ಇರಬಹುದಂತ). ಫರಕೇ ಇಲ್ಲ.

ಕಾಂಟ್ಯಾಕ್ಟ್ ಒಣಗಿದ್ರ ಅಂಕಿ 0, 45, 190 ಅಂತ ಹುಚ್ಚುಚ್ಚಾಗಿ ಹಾರತಾವ. ಸರಿಯಾಗಿ ದುಪ್ಪಟ್ಟು ಆಗಂಗಿಲ್ಲ. ಅದರಾಗ ಬೆವರು ಬಂದ ಮ್ಯಾಲೆ ಕಾಂಟ್ಯಾಕ್ಟ್ ಸುಧಾರಿಸಬೇಕು. ಕುದುರಿ ಇಸಿಜಿಯೊಳಗ ಟಿ ಅಲೆ (ಬಡಿತ ಆದ ಮ್ಯಾಲೆ ಹೃದಯ ಮತ್ತ ತಯಾರಾಗೋ ಹೊತ್ತಿನ ಅಲೆ) ದೊಡ್ಡದು, ಅದನ್ನೂ ಒಂದು ಬಡಿತ ಅಂತ ಬೆಲ್ಟ್ ಎಣಿಸ್ಲತದ ಅಂತ ನನ್ನ ಗುಮಾನಿ.

ಈಗ ಮ್ಯಾಲಿನ ಎಲೆಕ್ಟ್ರೋಡ್ ಜೀನಿನ ಕೆಳಗ ಎಡಕ್ಕ, ಇನ್ನೊಂದು ಎಡ ಮೊಣಕೈ ಹಿಂದ ಅದ. ಟಿ ಅಲೆ ಸಣ್ಣದಾಗ್ಬೇಕಂದ್ರ ಯಾವುದನ್ನ, ಯಾವ ಕಡಿಗೆ, ಎಷ್ಟು ಬೆರಳು ಸರಿಸಬೇಕು? ಇಲ್ಲಾ, ಸವಾರಿ ನಡದಾಗಲೇ ಇಸಿಜಿ ತೆಗಸೂದು ಬೇಕೇ ಬೇಕೇನ್ರಿ?