ಹಳೆಯ ಅಚ್ಚಿನಲ್ಲಿ ಸೈನಿಕನ ಬಯನೆಟ್ ತುಂಬುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ

ಜರ್ಮನಿಯ ಲೈಪ್‌ಜಿಗ್‌ನ ಶ್ನೈಡರ್ ಸಹೋದರರ ಹಳೆಯ ಅಚ್ಚೊಂದು ಕಳೆದ ತಿಂಗಳು ನನ್ನ ಕೈ ಸೇರಿತು. ಆಟಿಕೆ ಸೈನಿಕನನ್ನು ಎರಕ ಹೊಯ್ಯುವ ಅಚ್ಚು ಅದು: ಹೆಗಲ ಮೇಲೆ ಬಂದೂಕು ಹೊತ್ತು ನಡೆಯುವ ಕಾಲಾಳು. ಲೋಹದ ಎರಡು ಹೋಳುಗಳು, ಒಳಗೆಲ್ಲ ಕಪ್ಪುಗಂದು ಬಣ್ಣ. ತವರ ಕರಗಿಸಿ ನಾಲ್ಕು ಸಲ ಹೊಯ್ದೆ. ಅಂಗಿಯ ಗುಂಡಿ ಕೂಡ ಸ್ಪಷ್ಟವಾಗಿ ಮೂಡುತ್ತದೆ, ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ, ಅಂದರೆ ಬಯನೆಟ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಗಾಳಿ ಹೋಗುವ ಗೀರನ್ನು ಅರದಿಂದ ಆಳ ಮಾಡಲೇ? ಒಳಗಿನ ಕಪ್ಪನ್ನು ಉಜ್ಜಿ ತೆಗೆಯಲೇ?

ಉತ್ತರ 1

ದಯವಿಟ್ಟು ಅರವನ್ನು ಕೆಳಗಿಡಿ. ಇಪ್ಪತ್ತು ವರ್ಷಗಳಿಂದ ಇಂಥ ಅಚ್ಚುಗಳನ್ನು ಕೂಡಿಡುತ್ತಿದ್ದೇನೆ. ಮೊದಲ ವರ್ಷವೇ ಒಂದು ಅಶ್ವಾರೋಹಿಯ ಅಚ್ಚನ್ನು ಉಕ್ಕಿನ ನಾರಿನಿಂದ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿದೆ. ಕುದುರೆಯ ಕೇಸರದ ಗೆರೆಗಳು ಅಳಿಸಿಹೋದವು. ಕೈಯಿಂದ ಕೊರೆದ ಆ ಗೆರೆಗಳನ್ನು ಮತ್ತೆ ತರಲು ನನ್ನಿಂದಾಗಲಿಲ್ಲ. ಆ ಅಚ್ಚನ್ನು ನೋಡಿದರೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಅಚ್ಚು ಕೆಟ್ಟಿಲ್ಲ, ತಣ್ಣಗಿದೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತಣ್ಣನೆಯ ಲೋಹ ತಾಗಿದರೆ ಕಿರಿದಾದ ಜಾಗದಲ್ಲಿ ಅದು ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ನಾಲ್ಕು ಎರಕಕ್ಕೆ ಅಚ್ಚು ಕಾಯುವುದಿಲ್ಲ. ಅಚ್ಚನ್ನು ಮೊದಲೇ ಬಿಸಿ ಮಾಡಿ, ಬೊಂಬೆಗಳನ್ನು ತಿರುಗಿ ಮೂಸೆಗೆ ಹಾಕುತ್ತಾ ಬೇಗಬೇಗ ಹೊಯ್ಯುತ್ತಾ ಹೋಗಿ. ಸೌಟನ್ನು ನಡುವೆ ತಡೆಯಬೇಡಿ, ಒಂದೇ ಧಾರೆಯಾಗಿ ಇಳಿಯಲಿ.

ಒಳಗಿನ ಕಪ್ಪು ತುಕ್ಕಲ್ಲದಿದ್ದರೆ, ಹಿಂದಿನವರು ಹಿಡಿಸಿದ ಮಸಿಯೇ ಇರಬೇಕು. ನೀವೂ ಮೇಣದಬತ್ತಿಯ ಹೊಗೆಯನ್ನು ತೆಳುವಾಗಿ ಹಿಡಿಸಿ. ಲೋಹ ಸಲೀಸಾಗಿ ಹರಿಯುತ್ತದೆ, ಬೊಂಬೆಯೂ ಅಂಟದೆ ಬಿಡುತ್ತದೆ.

ಇನ್ನು ಮುಂದೆ ಕೊಳ್ಳುವಾಗ ಎರಡು ಹೋಳುಗಳನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬೆಳಕು ನುಸುಳಿದರೆ ಅಚ್ಚು ಬಾಗಿದೆ ಎಂದರ್ಥ. ಹೊರಗಿನ ಕಲೆಗೆ ಹೆದರಬೇಡಿ.

ಉತ್ತರ 2

ಒಂದು ಎಚ್ಚರಿಕೆ. ಅಚ್ಚಿನಲ್ಲಿ ತೇವ ಇರಲೇಬಾರದು. ಒಂದು ಹನಿ ನೀರಿದ್ದರೂ ಆವಿಯಾಗಿ ಕಾದ ಲೋಹವನ್ನು ಮುಖಕ್ಕೆ ಸಿಡಿಸುತ್ತದೆ. ಕನ್ನಡಕ, ಚರ್ಮದ ಕೈಗವಸು ಇಲ್ಲದೆ ಕೂರಬೇಡಿ. ಹಳೆಯ ಅಚ್ಚುಗಳಲ್ಲಿ ಸೀಸ ಹೊಯ್ದಿರುತ್ತಾರೆ, ಆದ್ದರಿಂದ ಒಣ ಬ್ರಷ್‌ನಿಂದ ಧೂಳೆಬ್ಬಿಸುವುದೂ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆದು, ಅಚ್ಚನ್ನು ಪೂರ್ತಿ ಒಣಗಿಸಿ.

ಉತ್ತರ 3

ಶುದ್ಧ ತವರದ ಬಯನೆಟ್ ಸುಲಭವಾಗಿ ಬಾಗುತ್ತದೆ. ತವರವನ್ನು ಗಟ್ಟಿ ಮಾಡುವ ಆಂಟಿಮನಿ ಎಂಬ ಧಾತು ಸ್ವಲ್ಪ ಬೆರೆತ, ಸೀಸವಿಲ್ಲದ ಮಿಶ್ರಲೋಹ ಸಿದ್ಧವಾಗಿಯೇ ಸಿಗುತ್ತದೆ. ನಾನು ಅದನ್ನೇ ಬಳಸುತ್ತೇನೆ.

ಪ್ರಶ್ನೆ ಕೇಳಿದವರು

ನಿನ್ನೆ ಅಚ್ಚನ್ನು ಒಣಗಿಸಿ, ಬಿಸಿ ಮಾಡಿ, ಮಸಿ ಹಿಡಿಸಿ ಕುಳಿತೆ. ಐದನೆಯದರಲ್ಲಿ ಬಯನೆಟ್ ಮುಕ್ಕಾಲು ತುಂಬಿತು. ಏಳನೆಯದರಲ್ಲಿ ಸೂಜಿಯಂಥ ತುದಿ ಬಂತು! ಅದರ ಬುಡದಲ್ಲಿ ಒಂದು ಸಣ್ಣ ಉಂಗುರ ಕೊರೆದಿದ್ದಾರೆ, ಅದು ಅಲ್ಲಿದೆ ಎಂಬುದೇ ನನಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ.