ಮಾರಿಯೋ ಎಂಟನೇ ಲೋಕ ದಾಟಿದವರು ಯಾರಾದ್ರೂ ಇದ್ದೀರಾ?

ತೊಂಬತ್ತರ ದಶಕದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಆಡಿ ಬೆಳೆದವಳು ನಾನು. ಬೇಸಿಗೆ ರಜೆ ಪೂರ್ತಿ ಅದೇ ಕೆಲಸ. ಏಳನೇ ಲೋಕದ ತನಕ ಹೋಗಿದ್ದೆ, ಎಂಟನೆಯದರ ಮುಖವನ್ನೇ ನೋಡಿರಲಿಲ್ಲ. ಈಗ ತಮ್ಮ ಹೊರದೇಶದಿಂದ ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನೋ ಆಟದ ಯಂತ್ರ ತಂದುಕೊಟ್ಟಿದ್ದಾನೆ, ಅದರೊಳಗೆ ಅದೇ ಹಳೇ ಆಟ ಇದೆ. ಒಂಬತ್ತು ವರ್ಷದ ಮಗಳ ಮುಂದೆ ಜಂಬದಿಂದ ಕೂತೆ, ಮಾನ ಹೋಯ್ತು. 1-2ರಲ್ಲೇ, ಅಂದ್ರೆ ಮೊದಲ ಲೋಕದ ಎರಡನೇ ಹಂತದಲ್ಲೇ, ಹಳ್ಳಕ್ಕೆ ಬೀಳ್ತಿದ್ದೀನಿ! ಆಟ ಆಗಿಗಿಂತ ಜೋರಾಗಿ ಓಡ್ತಿದೆ ಅನ್ನಿಸುತ್ತೆ, ಇಲ್ಲಾ ನನಗೇ ವಯಸ್ಸಾಯ್ತೋ? ಎಂಟನೇ ಲೋಕ ದಾಟೋಕೆ ಏನು ಮಾಡಿದ್ರಿ? ಮಗಳಿಗೆ ಶಾರ್ಟ್‌ಕಟ್ ತೋರಿಸಬಹುದಾ? ಆಡಿದವರು ಹೇಳಿ.

ಮೈಸೂರಿನಿಂದ

ವಯಸ್ಸಲ್ಲ, ನಿಮ್ಮ ಅನಿಸಿಕೆ ಸರಿಯಾಗೇ ಇದೆ. ಆಗ ನಮ್ಮಲ್ಲಿ ಬಹುಪಾಲು ಜನ ಆಡಿದ್ದು ಅಸಲಿ ಯಂತ್ರದಲ್ಲಲ್ಲ, ನಿಂಟೆಂಡೊ ಜಪಾನಿನಲ್ಲಿ ಮಾರಿದ ಆಟದ ಯಂತ್ರ ಫ್ಯಾಮಿಕಾಮ್‌ನ ನಕಲುಗಳಲ್ಲಿ. ಜಪಾನ್ ಮತ್ತು ಅಮೆರಿಕದ ಟಿವಿಗಳು 60 ಹರ್ಟ್ಜ್‌ನವು, ನಮ್ಮ ಪಾಲ್ (PAL) ಪದ್ಧತಿಯ ಟಿವಿಗಳು 50 ಹರ್ಟ್ಜ್‌ನವು. ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಪರದೆಗೆ ಹೊಸ ಚಿತ್ರ, ಅಂದ್ರೆ ಫ್ರೇಮು, ಬರುತ್ತೆ. ಈ ಆಟದ ಎಲ್ಲ ಲೆಕ್ಕವೂ ಫ್ರೇಮಿನ ಮೇಲೆ ನಿಂತಿದೆ: ಮಾರಿಯೋನ ಹೆಜ್ಜೆ, ಆಮೆಯ ನಡಿಗೆ, ಹಾಡಿನ ಲಯ, ಗಡಿಯಾರ, ಎಲ್ಲ. ಸೆಕೆಂಡಿಗೆ 60 ಫ್ರೇಮಿಗೆಂದು ಬರೆದದ್ದನ್ನು 50ರಲ್ಲಿ ಓಡಿಸಿದರೆ ಎಲ್ಲವೂ ಆರರಲ್ಲಿ ಒಂದು ಪಾಲು ನಿಧಾನ. ನಕಲು ಯಂತ್ರಗಳಲ್ಲಿ ಆಗುತ್ತಿದ್ದದ್ದು ಅದೇ.

ಗಡಿಯಾರವನ್ನೇ ನೋಡಿ. ಆಟದ ಒಂದು 'ಟೈಮ್' ಅಂದ್ರೆ ಒಂದು ಸೆಕೆಂಡಲ್ಲ, 24 ಫ್ರೇಮು. 8-1ರಲ್ಲಿ ನಿಮಗೆ ಕೊಡೋದು 300. ಅಸಲಿಯಲ್ಲಿ ಅದು ಬರೀ ಎರಡು ನಿಮಿಷ, ನಮ್ಮ ಡಬ್ಬದಲ್ಲಿ ಎರಡು ನಿಮಿಷ 24 ಸೆಕೆಂಡ್. ಮಾರಿಯೋನೂ ಅಷ್ಟೇ ನಿಧಾನ ಓಡುತ್ತಿದ್ದ, ಹಾಗಾಗಿ ಆಟದ ಒಳಗೆ ಲಾಭ ಏನಿಲ್ಲ. ಆದರೆ ಕಣ್ಣಿಗೂ ಬೆರಳಿಗೂ ಯೋಚನೆ ಮಾಡೋಕೆ ಪುರುಸೊತ್ತು ಸಿಗ್ತಿತ್ತು. ನಿಮ್ಮ ಬೆರಳು ಕಲಿತಿರೋದು ಆ ನಿಧಾನದ ಲಯ. ನನಗೂ ಹೀಗೇ ಆಗಿತ್ತು, ಹಾಡು ಕೇಳಿದ ಕೂಡಲೇ ಏನೋ ಅವಸರ ಅನ್ನಿಸ್ತು. ಒಂದು ವಾರ ಬೇಕಾಯ್ತು ಹೊಂದಿಕೊಳ್ಳೋಕೆ.

ಇನ್ನೊಂದು. ಈಗಿನ ಟಿವಿಗಳು ಚಿತ್ರವನ್ನು ತಿದ್ದಿತೀಡಿ ತೋರಿಸೋದರಲ್ಲಿ ಗುಂಡಿ ಒತ್ತಿದ್ದಕ್ಕೂ ಮಾರಿಯೋ ಹಾರೋದಕ್ಕೂ ನಡುವೆ ಚೂರು ತಡ ಆಗುತ್ತೆ. ಸೆಟ್ಟಿಂಗ್‌ನಲ್ಲಿ 'ಗೇಮ್ ಮೋಡ್' ಹಾಕಿ. ನಿಮ್ಮ ಅರ್ಧ ಹಳ್ಳಗಳು ಅಲ್ಲೇ ಮುಚ್ಚಿಹೋಗ್ತಾವೆ.

ಹುಬ್ಬಳ್ಳಿ ಕಡೆಯವ

ಅಕ್ಕಾರ, ಒಂದ ಮಾತು ಹೇಳ್ತೀನಿ, ಇದು ನನಗ ಸಣ್ಣಾಂವ ಇದ್ದಾಗ ಗೊತ್ತಿದ್ರ ಎಷ್ಟ ಅಳು ಉಳೀತಿತ್ತೋ! ಗೇಮ್ ಓವರ್ ಆಗಿ ಮೊದಲಿನ ಪರದೆ ಬಂತಲ್ಲ, ಅಲ್ಲಿ ಎ ಗುಂಡಿ ಒತ್ತಿ ಹಿಡಕೊಂಡು ಸ್ಟಾರ್ಟ್ ಒತ್ರಿ. ಸ್ವಿಚ್ಚಿನ್ಯಾಗ ಸ್ಟಾರ್ಟ್ ಅಂದ್ರ ಪ್ಲಸ್ ಗುಂಡಿ. ಯಾವ ಲೋಕದಾಗ ಸತ್ತಿರ್ತೀರಿ ಅದೇ ಲೋಕದ ಮೊದಲನೇ ಮನಿಯಿಂದ, ಮೂರು ಲೈಫ್ ಜೊತಿಗೆ ಚಾಲೂ ಆಗ್ತದ. 8-3ರಾಗ ಸತ್ರ 8-1. ಇದು ಮೋಸ ಅಲ್ರಿ, 1985ರಾಗ ಆಟ ಮಾಡಿದವರ ಇಟ್ಟಿದ್ದು. ನಾವು ಓಣಿ ಹುಡುಗರೆಲ್ಲಾ ಪ್ರತಿ ಸಲ 1-1ರಿಂದ ಶುರು ಮಾಡ್ತಿದ್ವಿ. ಲೈಟ್ ಹೋತಂದ್ರ ಮುಗೀತು, ಕ್ಯಾಸೆಟ್ ಊದಿ ಮತ್ತ ಮೊದಲಿಂದ.

ಒಂದು ಸಲ ಪೂರ್ತಿ ಮುಗಿಸಿದವನು

ಎಂಟನೇ ಲೋಕಕ್ಕೆ ಬೇಕಾಗಿರೋದು ಒಂದೇ ವಿದ್ಯೆ: ಬಿ ಗುಂಡಿ ಬಿಡದೇ ಇರೋದು. ಹೆಬ್ಬೆರಳ ತುದಿ ಬಿ ಮೇಲೆ ಕೂರಲಿ, ಹಾರೋವಾಗ ಬೆರಳನ್ನು ಹಾಗೇ ಮಗುಚಿ ಗೆಣ್ಣಿನ ಭಾಗದಿಂದ ಎ ಒತ್ತಿ. ಒಂದೊಂದು ಗುಂಡಿಗೆ ಬೆರಳು ಎತ್ತಿ ಇಡೋರು ಏಳನೇ ಲೋಕದವರೆಗೆ ಹೇಗೋ ತಳ್ಳಬಹುದು, ಆಮೇಲೆ ಆಗಲ್ಲ. ಓಡುತ್ತಾ ಹಾರಿದರೆ ದೂರ ಮಾತ್ರ ಅಲ್ಲ, ಎತ್ತರವೂ ಹೆಚ್ಚು. 8-1ರಲ್ಲಿ ಎರಡು ದೊಡ್ಡ ಹಳ್ಳಗಳ ನಡುವೆ ಒಂದೇ ಕಲ್ಲಿನ ಅಗಲದ ನೆಲ ಬರುತ್ತೆ. ನಿಂತು ಅಳೆಯೋಕೆ ಹೋದವರೆಲ್ಲ ಅಲ್ಲೇ ಸತ್ತಿದ್ದಾರೆ, ನಾನೂ ಎಷ್ಟು ಸಲವೋ. ಇನ್ನು ಒಂದೇ ಕಲ್ಲಿನ ಅಗಲದ ಚಿಕ್ಕ ಹಳ್ಳ ಬಂದರೆ ಹಾರಲೇಬೇಡಿ, ಬಿ ಹಿಡಿದು ಓಡಿದರೆ ಮಾರಿಯೋ ಮೇಲಿಂದಲೇ ದಾಟಿಬಿಡ್ತಾನೆ. ಮೊದಲ ಸಲ ನೋಡಿದಾಗ ನಾನು ನಂಬಿರಲಿಲ್ಲ.

8-2: ಮೋಡದ ಮೇಲಿಂದ ಮುಳ್ಳಿನ ಮೊಟ್ಟೆ ಎಸೆಯೋನ ಜೊತೆ ಜಗಳಕ್ಕೆ ನಿಲ್ಲಬೇಡಿ, ಓಡಿ.

8-3ರ ಸುತ್ತಿಗೆ ಅಣ್ಣತಮ್ಮಂದಿರು ನಿಜವಾದ ಪರೀಕ್ಷೆ. ಅವರು ಜೋಡಿಯಾಗಿ ಬರ್ತಾರೆ. ಇಬ್ಬರಲ್ಲಿ ಒಬ್ಬ ಮೇಲೆ ಹಾರಿದ ಗಳಿಗೆಯಲ್ಲಿ ಅವನ ಕೆಳಗೆ ನುಗ್ಗಿಬಿಡಬೇಕು. ಇದಕ್ಕೆ ಸೂತ್ರ ಇಲ್ಲ, ಸ್ವಲ್ಪ ಅದೃಷ್ಟ ಬೇಕೇ ಬೇಕು. ಅಣಬೆ ತಿಂದು ದೊಡ್ಡ ಮಾರಿಯೋ ಆಗಿದ್ದರೆ ಒಂದು ಏಟು ತಡೆಯುತ್ತೆ, ಅಷ್ಟರಲ್ಲಿ ಮುಂದಕ್ಕೆ ಜಾರಿಕೊಳ್ಳಿ.

8-4 ಕೊನೆ ಕೋಟೆ. ಅದು ಚಕ್ರವ್ಯೂಹ. ತಪ್ಪು ದಾರಿ ಹಿಡಿದರೆ ಸುತ್ತಿಬಳಸಿ ಅದೇ ಜಾಗಕ್ಕೆ ಬರ್ತೀರಿ, ತಪ್ಪಾಯ್ತು ಅಂತ ಆಟ ಬಾಯಿಬಿಟ್ಟು ಹೇಳೋದೂ ಇಲ್ಲ. ಸರಿಯಾದ ಪೈಪಿನೊಳಗೆ ಇಳಿಯಬೇಕು. ಒಂದು ಕಡೆ ಆ ಪೈಪು ಗಾಳಿಯಲ್ಲಿ ತೇಲುತ್ತಿರುತ್ತೆ, ಹತ್ತೋಕೆ ಮೆಟ್ಟಿಲಿಲ್ಲ. ಅದರ ಹತ್ತಿರ ಬರಿಗಾಳಿಗೆ ತಲೆ ಹೊಡೆದರೆ ಕಾಣದ ಡಬ್ಬ ಎದ್ದು ಬರುತ್ತೆ, ಅದೇ ಮೆಟ್ಟಿಲು. ಆಮೇಲೆ ನೀರಿನ ಕೋಣೆ, ನೀರಲ್ಲೂ ಬೆಂಕಿ ಸರಪಳಿ ತಿರುಗ್ತಿರುತ್ತೆ (ಯಾವ ನ್ಯಾಯ ಇದು?). ಕೊನೆಗೆ ಬೌಸರ್, ಕೋಟೆಗಳ ಕೊನೆಯಲ್ಲಿ ಎದುರಾಗೋ ಖಳ. ಮೊದಲ ಐದು ಲೋಕದಲ್ಲಿ ಬೆಂಕಿ ಉಗುಳಿದ, ಆರು ಏಳರಲ್ಲಿ ಸುತ್ತಿಗೆ ಎಸೆದ, ಇಲ್ಲಿ ಎರಡೂ. ಹೂವಿನ ಶಕ್ತಿ ಉಳಿದಿದ್ದರೆ ಐದು ಬೆಂಕಿ ಉಂಡೆಗೆ ಸಾಯ್ತಾನೆ. ಇಲ್ಲದಿದ್ದರೆ ಅವನು ಹಾರಿದಾಗ ಅಡಿಯಿಂದ ಓಡಿ ಅವನ ಹಿಂದಿರೋ ಕೊಡಲಿ ಮುಟ್ಟಿ.

ಸಿಂಗಪುರದಿಂದ, ಎರಡು ಮಕ್ಕಳ ತಂದೆ

ಮಗಳಿಗೆ ಶಾರ್ಟ್‌ಕಟ್ ಈಗಲೇ ತೋರಿಸಬೇಡಿ ಅನ್ನೋದು ನನ್ನ ಮತ. 1-2ರಲ್ಲಿ ಸೂರಿನ ಮೇಲೆ ಹತ್ತಿ ಕೊನೆತನಕ ಓಡಿದರೆ ನೇರ 2, 3, 4ನೇ ಲೋಕಕ್ಕೆ ಕರೆದೊಯ್ಯೋ ಪೈಪುಗಳು, 4-2ರಲ್ಲಿ ಕಾಣದ ಡಬ್ಬ ಎಬ್ಬಿಸಿ ಬಳ್ಳಿ ಹತ್ತಿದರೆ 6, 7, 8ರವು. ಈ ದಾರಿಯಲ್ಲಿ 32 ಹಂತದ ಆಟ ಎಂಟು ಹಂತಕ್ಕೆ ಮುಗಿಯುತ್ತೆ. ಬೇಗ ಮುಗಿಸೋದನ್ನೇ ಪಂದ್ಯ ಮಾಡಿಕೊಂಡ ಪಳಗಿದ ಸ್ಪೀಡ್‌ರನ್ನರ್‌ಗಳು 5 ನಿಮಿಷದೊಳಗೆ ಮುಗಿಸ್ತಾರೆ. ಆದರೆ ನನ್ನ ದೊಡ್ಡವನಿಗೆ ನಾನು ಹೀಗೆ ಹಾರಿಸಿಕೊಂಡು ಹೋಗಿ 8-1ಕ್ಕೆ ಬಿಟ್ಟೆ. ಹತ್ತು ನಿಮಿಷದಲ್ಲಿ ಕಂಟ್ರೋಲರ್ ಎಸೆದು ಎದ್ದುಹೋದ.

ಚಿಕ್ಕವಳ ಜೊತೆ ಬುದ್ಧಿ ಬಂತು, ಬಾಯಿ ಮುಚ್ಚಿಕೊಂಡು ಕೂತೆ. ಆಟ ಮಾಡಿದ ಮಿಯಾಮೊತೊ ಮತ್ತು ತೆಜುಕಾ 1-1 ಅನ್ನು ಕಟ್ಟಿರೋ ರೀತಿ ನೋಡಿ. ಮೊದಲ ಶತ್ರು ನೇರ ಎದುರಿಗೇ ಬರುತ್ತೆ, ಹಾರಲೇಬೇಕು. ಮೊದಲ ಅಣಬೆ ಬಲಕ್ಕೆ ಹೋಗಿ ಪೈಪಿಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತೆ. ತಪ್ಪಿಸಿಕೊಳ್ಳೋಕೆ ನೋಡಿದರೂ ಮೈಮೇಲೆ ಬಿದ್ದು 'ನಾನು ಒಳ್ಳೆಯವನು' ಅಂತ ಹೇಳುತ್ತೆ. ನಾವು ಪಕ್ಕದಲ್ಲಿ ಕೂತು 'ಹಾರು ಹಾರು' ಅಂತ ಕಿರುಚೋದರಿಂದಲೇ ಮಕ್ಕಳು ಕೆಡೋದು.

ಸ್ವಿಚ್‌ನಲ್ಲಿ ಆಟವನ್ನು ಹಿಂದಕ್ಕೆ ಸುತ್ತೋ ಸೌಲಭ್ಯವೂ ಇದೆ. ಹಳ್ಳಕ್ಕೆ ಬಿದ್ದ ಕೂಡಲೇ ಹಿಂದೆ ಹೋಗಬಹುದು. ಅದನ್ನು ಕಷ್ಟದ ಒಂದು ಜಿಗಿತ ಅಭ್ಯಾಸ ಮಾಡೋಕೆ ಮಾತ್ರ ಇಟ್ಟುಕೊಂಡ್ವಿ.

ಹುಬ್ಬಳ್ಳಿ ಕಡೆಯವ

ಸಿಂಗಪುರದ ಸಾಹೇಬ್ರ, ನಮ್ಮ ಕ್ಯಾಸೆಟ್ಟಿನ ಪಟ್ಟಿಯೊಳಗ ಮಾರಿಯೋ ಹತ್ತ್ ಸಲ ಬರ್ತಿತ್ತು, ಒಂದೊಂದು ಒಂದೊಂದು ಲೋಕದಿಂದ ಚಾಲೂ. ನಾವು ಏಳನೇದು ಮೊದಲ ಆಡಿದ್ವಿ, ಒಂದನೇದು ಆಮ್ಯಾಲ. ಹಂಗಂತ ಯಾರೂ ಕೆಟ್ಟಿಲ್ಲ ಬಿಡ್ರಿ.

ಶಿವಮೊಗ್ಗದಿಂದ

ಲೈಫ್ ಬೇಕಿದ್ರೆ 3-1. ಕೊನೆಯ ಮೆಟ್ಟಿಲಲ್ಲಿ ಎರಡು ಆಮೆ ಇಳಿದು ಬರ್ತಾವೆ. ಎರಡನೆಯದನ್ನು ಮೆಟ್ಟಿಲ ಮೇಲೇ ತುಳಿದರೆ ಚಿಪ್ಪು ಗೋಡೆಗೆ ಬಡಿದು ಮತ್ತೆ ಮತ್ತೆ ಕಾಲಡಿಗೆ ಬರುತ್ತೆ. ಒಂದು ತುಳಿತಕ್ಕೆ ಸಿಗೋ ಅಂಕ ಏರುತ್ತಾ 8000 ದಾಟಿದ ಮೇಲೆ ಪ್ರತಿ ತುಳಿತಕ್ಕೂ ಒಂದು ಲೈಫ್. ಲೈಫ್ ಹತ್ತು ಮುಟ್ಟಿದರೆ ಹತ್ತರ ಅಂಕಿಯ ಜಾಗದಲ್ಲಿ ಕಿರೀಟ ಬರುತ್ತೆ. ದುರಾಸೆ ಬೇಡ ಮಾತ್ರ. 127 ದಾಟಿದರೆ ಯಂತ್ರದ ಲೆಕ್ಕದಲ್ಲಿ ಅದು ಸೊನ್ನೆಗಿಂತ ಕೆಳಗಿನ ಸಂಖ್ಯೆ. ಮುಂದೆ ಒಂದು ಸಲ ಸತ್ತರೂ ನೇರ ಗೇಮ್ ಓವರ್. ನಾನೂ ನನ್ನ ಅಣ್ಣನೂ ಮಧ್ಯಾಹ್ನ ಪೂರ್ತಿ ತುಳಿದು ಲೈಫ್ ಕೂಡಿಟ್ಟು, 3-2ರಲ್ಲಿ ಒಂದೇ ಸಲ ಸತ್ತು ಎಲ್ಲ ಕಳ್ಕೊಂಡ್ವಿ. ಡಬ್ಬ ಕೆಟ್ಟಿದೆ ಅಂತ ಅಪ್ಪನಿಗೆ ದೂರು ಹೇಳಿದ್ದೆವು.

ಕೇಳಿದವಳು, ಹತ್ತು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಗೇಮ್ ಮೋಡ್ ಹಾಕಿದ ದಿನವೇ 1-2 ದಾಟಿತು. ಎ ಹಿಡಿದು ಸ್ಟಾರ್ಟ್ ಒತ್ತೋದು ಈಗ ಮನೆಯಲ್ಲಿ ಮಂತ್ರದ ಥರ ಆಗಿದೆ. 8-3ರ ಸುತ್ತಿಗೆಯವರನ್ನು ನಿನ್ನೆ ದಾಟಿದೆ, ಹೇಗೆ ಅಂತ ನನಗೇ ಗೊತ್ತಿಲ್ಲ. 8-4ರಲ್ಲಿ ಅದೇ ಓಣಿಯನ್ನು ಆರು ಸಲ ಸುತ್ತಿ ಟೈಮ್ ಮುಗಿದು ಸತ್ತೆ. ಮಗಳು 4-4ರಲ್ಲಿದ್ದಾಳೆ, ಅಲ್ಲೂ ಹೀಗೇ ಸುತ್ತಿಸುವ ದಾರಿ ಇದೆ. ಅವಳು ಹಾಳೆ ಮೇಲೆ ನಕ್ಷೆ ಬರೆದುಕೊಂಡು ಆಡ್ತಿದ್ದಾಳೆ. ಇವತ್ತು ರಾತ್ರಿ ನನಗೂ 8-4ಕ್ಕೆ ಒಂದು ಬರೆದುಕೊಡ್ತೀನಿ ಅಂದಿದ್ದಾಳೆ.